ಕಿರಣ ಬಿಡುವುದು ಗನ್ ಅಲ್ಲ, ನಮ್ಮ ಹಣೆ

ಕೋವಿಡ್ ಹಾವಳಿಯ ನಡುವೆ 2020ರ ಜೂನ್ 25ರಂದು ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದಾಗ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಕ್ಕಳೂ ಥರ್ಮಲ್ ಸ್ಕ್ರೀನಿಂಗ್ ಮಾಡಿಸಿಕೊಂಡೇ ಕೊಠಡಿಗೆ ಹೋಗಬೇಕಾಯಿತು. ಜ್ವರ ನೋಡುವ ಗನ್ ಮನೆಮಾತಾಗಿದ್ದು ಆಗಲೇ. ಅದರ ಬೆನ್ನಿಗೇ ತಪ್ಪು ಕಲ್ಪನೆಗಳೂ ಹುಟ್ಟಿಕೊಂಡವು.

ತಪ್ಪು ಕಲ್ಪನೆ: ಗನ್ನಿನ ಕಿರಣ ಮಿದುಳಿಗೆ ಹಾನಿ ಮಾಡುತ್ತದೆ.

ಸತ್ಯ: ಗನ್ ಹಣೆಗೆ ಯಾವ ಕಿರಣವನ್ನೂ ಬಿಡುವುದಿಲ್ಲ. ಮೈಯಿರಲಿ, ಬಂಡೆಯಿರಲಿ, ಮಂಜುಗಡ್ಡೆಯೇ ಇರಲಿ, ಎಲ್ಲವೂ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಸದಾ ಸೂಸುತ್ತಿರುತ್ತವೆ. ಗನ್ನಿನೊಳಗಿನ ಥರ್ಮೋಪೈಲ್ ಎಂಬ ಸೆನ್ಸರ್ ಅವನ್ನು ಹೀರಿ ತುಸು ಬಿಸಿಯಾಗುತ್ತದೆ. ಆ ಬಿಸಿಯಿಂದ ಹುಟ್ಟುವ ಅತಿ ಸಣ್ಣ ವೋಲ್ಟೇಜನ್ನು ಚಿಪ್ ಡಿಗ್ರಿಗೆ ಬದಲಿಸುತ್ತದೆ. ವರ್ಕ್‌ಶಾಪಿನ ಗನ್‌ಗಳಲ್ಲಿ ಕಾಣುವ ಕೆಂಪು ಚುಕ್ಕೆ ಗುರಿ ತೋರಿಸುವ ಲೇಸರ್ ಅಷ್ಟೇ. ಅದು ಕಣ್ಣಿಗೆ ಕೆಟ್ಟದ್ದು, ಆದ್ದರಿಂದ ಅಂಥ ಗನ್ನನ್ನು ಮುಖಕ್ಕೆ ಹಿಡಿಯಲೇಬಾರದು.

ತಪ್ಪು ಕಲ್ಪನೆ: ಗನ್ ತೋರಿಸಿದ್ದೇ ಮೈಯ ಜ್ವರ.

ಸತ್ಯ: ಅದು ಅಳೆಯುವುದು ಹಣೆಯ ಚರ್ಮದ ಶಾಖವನ್ನು. ಅದರಿಂದ ಮೈಯೊಳಗಿನ ಶಾಖವನ್ನು ಲೆಕ್ಕ ಹಾಕುತ್ತದೆ. ಪಾವಗಡದ ಬಿಸಿಲಲ್ಲಿ ನಡೆದು ಬಂದವರಿಗೆ ಜ್ವರವಿಲ್ಲದಿದ್ದರೂ ಹೆಚ್ಚು ತೋರಿಸಬಹುದು, ಬೆವರು ಆರುತ್ತಿದ್ದರೆ ಕಡಿಮೆ. ನೆರಳಲ್ಲಿ ಸ್ವಲ್ಪ ಹೊತ್ತು ಕೂರಿಸಿ, ಹಣೆ ಒರೆಸಿ ನೋಡಬೇಕು. ಪ್ಯಾರಾಸಿಟಮಾಲ್ ನುಂಗಿ ಬಂದವರ ಸೋಂಕನ್ನು ಯಾವ ಗನ್ನೂ ಹಿಡಿಯಲಾರದು.

ತಪ್ಪು ಕಲ್ಪನೆ: ಯಾವ ವಸ್ತುವಿಗೆ ಹಿಡಿದರೂ ಅಳತೆ ಸರಿಯಾಗಿರುತ್ತದೆ.

ಸತ್ಯ: ನೀರು ಕುದಿಯುತ್ತಿರುವ ಹೊಳೆಯುವ ಸ್ಟೀಲ್ ಪಾತ್ರೆಗೆ ಹೊರಗಿನಿಂದ ಹಿಡಿದು ನೋಡಿ, ನಿಜಕ್ಕಿಂತ ತೀರಾ ಕಡಿಮೆ ತೋರಿಸುತ್ತದೆ. ನುಣುಪು ಲೋಹ ತನ್ನ ಶಾಖವನ್ನು ಸೂಸುವುದು ಕಡಿಮೆ, ಸುತ್ತಲಿನದನ್ನು ಪ್ರತಿಫಲಿಸುವುದೇ ಹೆಚ್ಚು. ಪಾತ್ರೆ ತಣ್ಣಗಿದ್ದಾಗಲೇ ಎಲೆಕ್ಟ್ರಿಷಿಯನ್‌ಗಳು ಬಳಸುವ ಕಪ್ಪು ಟೇಪನ್ನು ಉರಿ ತಾಕದ ಕಡೆ ಅಂಟಿಸಿ, ಬಿಸಿಯಾದ ಮೇಲೆ ಆ ಟೇಪಿಗೇ ಹಿಡಿದರೆ ಅಳತೆ ನಿಜಕ್ಕೆ ಹತ್ತಿರ ಬರುತ್ತದೆ.

ಅವಕೆಂಪು ಕಿರಣದ ಅಳತೆ ಹಣೆ, ಪಾತ್ರೆಗಳಿಗಷ್ಟೇ ಅಲ್ಲ, ಸೋಲಾರ್ ಪ್ಯಾನೆಲ್‌ಗಳಿಗೂ ಬಳಕೆಯಾಗುತ್ತದೆ. ಅಲ್ಲೂ ಒಂದು ತಪ್ಪು ಕಲ್ಪನೆಯಿದೆ.

ತಪ್ಪು ಕಲ್ಪನೆ: ಸೋಲಾರ್ ಪ್ಯಾನೆಲ್ ಕಾದಷ್ಟೂ ಕರೆಂಟ್ ಹೆಚ್ಚು.

ಸತ್ಯ: ಪ್ಯಾನೆಲ್‌ಗೆ ಬೇಕಾದದ್ದು ಬೆಳಕು. ಅದರ ಸೆಲ್‌ಗಳ ಶಾಖ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಸಾಮಾನ್ಯವಾಗಿ ಶೇ. 0.3ರಿಂದ 0.4ರಷ್ಟು ಉತ್ಪಾದನೆ ಕುಸಿಯುತ್ತದೆ. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಪಾರ್ಕಿನಂಥ ಕಡೆ ಇದು ಸಣ್ಣ ನಷ್ಟವಲ್ಲ. ಬಿರುಕು ಬಿಟ್ಟ ಅಥವಾ ನೆರಳು ಬಿದ್ದ ಸೆಲ್ ಕರೆಂಟನ್ನು ಶಾಖವಾಗಿಸಿ ಸುತ್ತಲಿನ ಸೆಲ್‌ಗಳಿಗಿಂತ ಹೆಚ್ಚು ಕಾಯುತ್ತದೆ. ಅಂಥ ಬಿಸಿ ಚುಕ್ಕೆಗಳನ್ನು ದೊಡ್ಡ ಪಾರ್ಕ್‌ಗಳಲ್ಲಿ ಡ್ರೋನಿಗೆ ಅವಕೆಂಪು ಕ್ಯಾಮೆರಾ ಕಟ್ಟಿ ಹುಡುಕುತ್ತಾರೆ. ಸೆಲ್ ಸೂಸುವ ಅವಕೆಂಪು ಕಿರಣಗಳು ಪ್ಯಾನೆಲ್‌ನ ಗಾಜನ್ನು ದಾಟಿ ಬರುವುದಿಲ್ಲ, ಕ್ಯಾಮೆರಾಕ್ಕೆ ಕಾಣುವುದು ಕಾದ ಗಾಜು. ತೀರಾ ಓರೆಯಾಗಿ ನೋಡಿದರೆ ಗಾಜಿನಲ್ಲಿ ಪ್ರತಿಫಲಿಸುವ ತಣ್ಣನೆಯ ಆಕಾಶವೂ ಸೇರಿಕೊಂಡು ಅಳತೆ ಕೆಡುತ್ತದೆ.