ಏಸಿ ತರುವ ಮುಂಚೆ ಕರೆಂಟಿನ ಲೆಕ್ಕ ಹಾಕಿದಿರಾ?

ಆದವಾನಿ, ರಾಯದುರ್ಗದ ಸೀಮೆಗೆ ಬೇಸಿಗೆ ಹೊಸದೇನಲ್ಲ. ಏಪ್ರಿಲ್, ಮೇ ಬಂದರೆ 40 ಡಿಗ್ರಿ ದಾಟುವ ಬಿಸಿಲು ನಮ್ಮ ಹಿರಿಯರಿಗೂ ಇತ್ತು, ನಮಗೂ ಇದೆ. ಹೊಸದು ಏನೆಂದರೆ ಮನೆ. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಬಂತು. ಹಗಲೆಲ್ಲ ಕಾದ ಆ ಚಾವಣಿ ರಾತ್ರಿಯೆಲ್ಲ ಶಾಖವನ್ನು ಒಳಗೆ ಬಿಡುತ್ತದೆ. ಫ್ಯಾನು ಆ ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಹೀಗಾಗಿ ಪೇಟೆಯ ವ್ಯಾಪಾರಿಗಳ ಮನೆಗಷ್ಟೇ ಇದ್ದ ಏಸಿ ಈಗ ಹಳ್ಳಿಯ ರೈತರ ಮನೆ ಗೋಡೆಗೂ ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಏಸಿಯ ಮೇಲಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ, ಕೊಳ್ಳೋಣವೇ ಬೇಡವೇ ಎಂದು ಯೋಚಿಸುತ್ತಿದ್ದವರೂ ಅಂಗಡಿಯ ಮೆಟ್ಟಿಲು ಹತ್ತಿದರು.

ತಪ್ಪೇನಿಲ್ಲ. ವಯಸ್ಸಾದವರು, ಬಾಣಂತಿ, ಕೂಸು ಇರುವ ಮನೆಗೆ ಅದು ಬೇಕಾದ ವಸ್ತುವೇ. ಆದರೆ ಅಂಗಡಿಯಲ್ಲಿ ಕೇಳುವ ಬೆಲೆ ಒಂದೇ ಸಲದ್ದು. ಕರೆಂಟಿನ ಬೆಲೆ ಪ್ರತಿ ತಿಂಗಳದ್ದು. ಅದೂ ಯಾವ ತಿಂಗಳು ಬರುತ್ತದೆ? ಏಪ್ರಿಲ್ ಮೇ ತಿಂಗಳ ಬಿಲ್ಲು ಕೈಗೆ ಬರುವ ಹೊತ್ತಿಗೆ ಶೇಂಗಾ ಬೀಜ ತರಬೇಕು, ಗೊಬ್ಬರ ತರಬೇಕು, ಮಕ್ಕಳ ಫೀಸು ಕಟ್ಟಬೇಕು. ಹೋದ ವರ್ಷದ ಹತ್ತಿಯ ದುಡ್ಡು ಅಷ್ಟರಲ್ಲಿ ಕರಗಿರುತ್ತದೆ. ತೆಲುಗಿನಲ್ಲಿ "ಅಪ್ಪು ಚೇಸಿ ಪಪ್ಪು ಕೂಡು" ಎನ್ನುತ್ತಾರೆ, ಸಾಲ ಮಾಡಿ ತೊವ್ವೆ ಅನ್ನ ಉಣ್ಣುವುದು. ತಂಪು ಗಾಳಿಗೂ ಆ ಮಾತು ಬರಬಾರದು ಎಂದಿದ್ದರೆ ಲೆಕ್ಕ ಮೊದಲು ಆಗಬೇಕು. ಈ ಲೆಕ್ಕಕ್ಕೆ ದೊಡ್ಡ ಓದು ಬೇಕಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು.

ಟನ್ ಎಂದರೆ ತೂಕವಲ್ಲ

ಒಂದೂವರೆ ಟನ್ ಏಸಿ ಎಂದಾಗ ಬಹಳ ಜನ ಅದು ಯಂತ್ರದ ತೂಕ ಅಂದುಕೊಳ್ಳುತ್ತಾರೆ. ಅದು ಮಂಜುಗಡ್ಡೆಯ ಕಾಲದ ಲೆಕ್ಕ. 2000 ಪೌಂಡು, ಅಂದರೆ ಸುಮಾರು 907 ಕೆ.ಜಿ. ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ಶಾಖವನ್ನು ಅಷ್ಟೇ ಹೊತ್ತಿನಲ್ಲಿ ಕೋಣೆಯಿಂದ ಹೊರಗೆ ಹಾಕುವ ಯಂತ್ರಕ್ಕೆ ಒಂದು ಟನ್ ಎಂದು ಹೆಸರು. ಏಸಿ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ, ನಮ್ಮ ಬೋರಿನ ಮೋಟರು ನೀರನ್ನು ಮೇಲಕ್ಕೆ ಎತ್ತಿದ ಹಾಗೆ.

ಮೋಟರಿನ ಮಾತು ಬಂದದ್ದರಿಂದ ರೈತರಿಗೆ ತಿಳಿಯುವ ಅಳತೆಯಲ್ಲೇ ಹೇಳಬಹುದು. ಒಂದು ಎಚ್.ಪಿ. ಎಂದರೆ 746 ವ್ಯಾಟು. ಒಂದೂವರೆ ಟನ್ನಿನ ಏಸಿ ಪೂರ್ತಿ ಜೋರಿನಲ್ಲಿ ಓಡುವಾಗ ಸುಮಾರು 1500 ವ್ಯಾಟು ಎಳೆಯುತ್ತದೆ. ಅಂದರೆ ಮಲಗುವ ಕೋಣೆಯಲ್ಲಿ ಎರಡು ಎಚ್.ಪಿ. ಮೋಟರು ಇಟ್ಟುಕೊಂಡ ಹಾಗೆ. ವ್ಯತ್ಯಾಸ ಒಂದೇ. ಹೊಲದ ಮೋಟರಿಗೆ ಆಂಧ್ರದಲ್ಲಿ 2004ರಿಂದ, ಕರ್ನಾಟಕದಲ್ಲಿ 10 ಎಚ್.ಪಿ.ವರೆಗೆ 2008ರಿಂದ ಉಚಿತ ಕರೆಂಟು ಬಂತು. ಅಲ್ಲಿ ಯೂನಿಟ್ಟು ಎಣಿಸುವ ಅಭ್ಯಾಸ ನಮಗೆ ತಪ್ಪಿಹೋಗಿದೆ. ಮನೆಯ ಮೀಟರಿಗೆ ಆ ದಾಕ್ಷಿಣ್ಯ ಇಲ್ಲ. ಸಾವಿರ ವ್ಯಾಟು ಒಂದು ಗಂಟೆ ಓಡಿದರೆ ಒಂದು ಯೂನಿಟ್ಟು, ಅಷ್ಟೇ.

ಹಾಗಂತ 1500 ವ್ಯಾಟನ್ನು ಗಂಟೆಯಿಂದ ಗುಣಿಸಿ ಹೆದರಬೇಕಾಗಿಲ್ಲ. ಇನ್ವರ್ಟರ್ ಏಸಿ ಕೋಣೆ ತಂಪಾದ ಮೇಲೆ ನಿಧಾನವಾಗಿ ಓಡುತ್ತದೆ. ಹಳೆಯ ಮಾದರಿಯದು ನಿಂತು ನಿಂತು ಓಡುತ್ತದೆ. ಆದ್ದರಿಂದ ಸರಿಯಾದ ಲೆಕ್ಕಕ್ಕೆ ಏಸಿಯ ಮುಖಕ್ಕೆ ಅಂಟಿಸಿರುವ ಸ್ಟಾರ್ ಚೀಟಿಯನ್ನೇ ಹಿಡಿಯಬೇಕು.

ಚೀಟಿ ಓದುವ ಬಗೆ

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಕೊಡುವ ಈ ಚೀಟಿಯಲ್ಲಿ ಎಲ್ಲರೂ ನಕ್ಷತ್ರ ಎಣಿಸುತ್ತಾರೆ. ಎಣಿಸಬೇಕಾದ್ದು ಅದರ ಜೊತೆಗಿರುವ ಸಂಖ್ಯೆ: ವರ್ಷಕ್ಕೆ ಇಷ್ಟು ಯೂನಿಟ್ಟು ಎಂದು. ಆ ವರ್ಷ ಎಂದರೆ 1600 ಗಂಟೆ ಮಾತ್ರ, ದಿನಕ್ಕೆ 8 ಗಂಟೆಯಂತೆ 200 ದಿನ. ಸ್ಟಾರಿನ ಅಳತೆಯನ್ನು ಕೆಲವು ವರ್ಷಕ್ಕೊಮ್ಮೆ ಬಿಗಿ ಮಾಡುತ್ತಾರೆ. ಹೀಗಾಗಿ ಹಳೆಯ ಐದು ಸ್ಟಾರು ಮತ್ತು ಹೊಸ ಐದು ಸ್ಟಾರು ಒಂದೇ ಅಲ್ಲ. ಚೀಟಿಯ ಮೇಲಿನ ಇಸವಿಯನ್ನೂ ನೋಡಿ.

ಒಂದೂವರೆ ಟನ್ನಿನ ಮೂರು ಸ್ಟಾರಿನ ಏಸಿಯ ಚೀಟಿಯಲ್ಲಿ 1000 ಯೂನಿಟ್ಟು ಇದೆ ಅಂತಿಟ್ಟುಕೊಳ್ಳಿ. 1600ರಿಂದ ಭಾಗಿಸಿದರೆ ಗಂಟೆಗೆ 0.625 ಯೂನಿಟ್ಟು. ರಾತ್ರಿ 8 ಗಂಟೆಗೆ 5 ಯೂನಿಟ್ಟು, ತಿಂಗಳಿಗೆ 150.

ಆದರೆ ಈ ಪರೀಕ್ಷೆ ಕೋಣೆಯೊಳಗೆ 27 ಡಿಗ್ರಿ ಇಟ್ಟು ಮಾಡಿದ್ದು. ನಾವು ಇಡುವುದು 24, ಕೆಲವರು 18. 2020ರ ಜನವರಿಯಿಂದ ಸ್ಟಾರ್ ಚೀಟಿಯ ಏಸಿಗಳು ಸ್ವಿಚ್ಚು ಒತ್ತಿದಾಗ 24ಕ್ಕೇ ಶುರುವಾಗುವಂತೆ ನಿಯಮ ಬಂದಿದೆ. ಒಂದೊಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6 ಕರೆಂಟು ಉಳಿಯುತ್ತದೆ ಎಂಬುದು ಬ್ಯೂರೋದ ಲೆಕ್ಕ. ಅದನ್ನೇ ತಿರುಗಿಸಿ ನೋಡಿದರೆ 27ರಿಂದ 24ಕ್ಕೆ ಇಳಿಸಿದಾಗ ಶೇ. 18 ಹೆಚ್ಚು. ನಮ್ಮ 150 ಯೂನಿಟ್ಟು 177 ಆಯಿತು. 180 ಎಂದೇ ಹಿಡಿಯೋಣ.

ಮೇಲಿನ ಮೆಟ್ಟಿಲಿನ ಬೆಲೆ

ಇಲ್ಲಿಗೆ ಅರ್ಧ ಲೆಕ್ಕ. ಹೆಚ್ಚಿನವರು ಎಡವುವುದು ಇನ್ನರ್ಧದಲ್ಲಿ. ಹಳೆಯ ಬಿಲ್ಲಿನ ಮೊತ್ತವನ್ನು ಯೂನಿಟ್ಟಿನಿಂದ ಭಾಗಿಸಿ, "ನಮಗೆ ಯೂನಿಟ್ಟು ನಾಲ್ಕೂ ಚಿಲ್ಲರೆ ಬೀಳ್ತೈತೆ, 180ಕ್ಕೆ ಎಂಟುನೂರು ಆಗ್ಬೋದು" ಅಂತಾರೆ. ಆ ಲೆಕ್ಕ ಆಂಧ್ರದ ಬಿಲ್ಲಿಗೆ ಹೊಂದುವುದಿಲ್ಲ.

ಆಂಧ್ರದ 2022-23ರ ಮನೆ ಬಳಕೆಯ ದರಪಟ್ಟಿ ನೋಡಿ. ಮೊದಲ 30 ಯೂನಿಟ್ಟಿಗೆ 1.90 ರೂಪಾಯಿಯಂತೆ, 75ರವರೆಗೆ 3 ರೂಪಾಯಿ, 125ರವರೆಗೆ 4.50, 225ರವರೆಗೆ 6, 400ರವರೆಗೆ 8.75, ಆಮೇಲೆ 9.75. ಇದು ಮೆಟ್ಟಿಲಿನ ಹಾಗೆ. ಮೇಲೆ ಹತ್ತಿದಷ್ಟೂ ಒಂದೊಂದು ಮೆಟ್ಟಿಲು ದುಬಾರಿ. ನಿಮ್ಮ ದೀಪ, ಫ್ಯಾನು, ಫ್ರಿಜ್ಜು, ಟಿವಿ ಕೆಳಗಿನ ಮೆಟ್ಟಿಲುಗಳಲ್ಲಿ ಕೂತಿವೆ. ಕೊನೆಗೆ ಬಂದ ಏಸಿಗೆ ಮೇಲಿನ ಮೆಟ್ಟಿಲೇ ಗತಿ.

ಏಸಿ ಇಲ್ಲದೆ 200 ಯೂನಿಟ್ಟು ಉರಿಸುವ ಮನೆಗೆ ಈ ಪಟ್ಟಿಯಂತೆ 867 ರೂಪಾಯಿ. ಏಸಿಯ 180 ಸೇರಿ 380 ಆದರೆ 2,373 ರೂಪಾಯಿ. ಅಂದರೆ ಏಸಿಯ ಪಾಲು 1,506. ಎಂಟುನೂರು ಎಂದುಕೊಂಡವರ ಅಂದಾಜಿಗೆ ಹತ್ತಿರಹತ್ತಿರ ಎರಡರಷ್ಟು! ರಜೆಗೆ ಬಂದ ಮಕ್ಕಳು ಮಧ್ಯಾಹ್ನವೂ ಐದು ಗಂಟೆ ಹಾಕಿಕೊಂಡರೆ ಇನ್ನೂ 110 ಯೂನಿಟ್ಟು, ಇನ್ನೂ 1,052 ರೂಪಾಯಿ. ಹಗಲು ಬಿಸಿಲಿಗೆ ಯಂತ್ರ ಇನ್ನಷ್ಟು ಎಳೆಯುತ್ತದೆ, ಅದನ್ನು ಇಲ್ಲಿ ಸೇರಿಸಿಲ್ಲ. ಇಂಧನ ಹೊಂದಾಣಿಕೆ ಶುಲ್ಕ, ವಿದ್ಯುತ್ ಸುಂಕ, ಸ್ಥಿರ ಶುಲ್ಕಗಳೂ ಇದರ ಹೊರಗೆ. ದರ ಬದಲಾಗುತ್ತಿರುತ್ತದೆ. ನಿಮ್ಮ ಕೈಯಲ್ಲಿರುವ ಬಿಲ್ಲಿನ ದರವನ್ನು ಈ ಜಾಗದಲ್ಲಿ ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಇದೇ.

ಗಡಿಯ ಆಚೆ ಅಗ್ಗವೇ?

ಮದುವೆ ಮನೆಗಳಲ್ಲಿ ಈಗ ಇದೇ ಮಾತು. "ಭಾವ, ಬಳ್ಳಾರಿ ಕಡೆ ನಿಮಗೆ ಎಷ್ಟು ಬರ್ತೈತೆ?" ಅಂತ ರಾಯದುರ್ಗದವರು ಕೇಳುತ್ತಾರೆ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಮನೆ ಬಳಕೆಗೆ ಮೆಟ್ಟಿಲು ತೆಗೆದು ಒಂದೇ ದರ ಮಾಡಿದರು. ಆ ವರ್ಷ ಅದು ಯೂನಿಟ್ಟಿಗೆ 5.90 ರೂಪಾಯಿ. ಆ ದರದಲ್ಲಿ ಏಸಿಯ 180 ಯೂನಿಟ್ಟಿಗೆ 1,062. ಮೇಲುನೋಟಕ್ಕೆ ನಮಗಿಂತ 444 ರೂಪಾಯಿ ಕಡಿಮೆ.

ಆದರೆ ಅಲ್ಲಿ ಇನ್ನೊಂದು ಗೆರೆ ಇದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ಮನೆಯ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಯೂನಿಟ್ಟು ಗೊತ್ತು ಮಾಡಿದ್ದಾರೆ. ತಿಂಗಳ ಬಳಕೆ 200 ದಾಟಿತೋ, ದಾಟಿದ್ದಕ್ಕಷ್ಟೇ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು. 150 ಯೂನಿಟ್ಟು ಉರಿಸಿ ಸೊನ್ನೆ ಬಿಲ್ಲು ಪಡೆಯುತ್ತಿದ್ದ ಮನೆಗೆ ಏಸಿಯ 180 ಸೇರಿದರೆ 330. ಅಷ್ಟಕ್ಕೂ 5.90ರಂತೆ 1,947 ರೂಪಾಯಿ, ಸ್ಥಿರ ಶುಲ್ಕ ಬೇರೆ. ಆ ಮನೆಯ ಏಸಿ ತಿಂಗಳಿಗೆ ತಿಂದದ್ದು 1,062 ಅಲ್ಲ, 1,947. ಯೂನಿಟ್ಟಿಗೆ ಹತ್ತೂಮುಕ್ಕಾಲು ರೂಪಾಯಿಯ ಮೇಲೆ ಬಿತ್ತು. ಅಗ್ಗದ ದರದ ಕಡೆಯೇ ತುಟ್ಟಿಯಾಯಿತು.

ಆಚೆಯವರಾಗಲಿ ಈಚೆಯವರಾಗಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಏಸಿ ಇಲ್ಲದ ಬಿಲ್ಲು ಎಷ್ಟು, ಏಸಿ ಸೇರಿದ ಬಿಲ್ಲು ಎಷ್ಟು? ಎರಡನ್ನೂ ಪೂರ್ತಿ ಬರೆದು ಕಳೆಯಿರಿ. ಉಳಿದದ್ದೇ ಏಸಿಯ ನಿಜವಾದ ಖರ್ಚು.

ಮೂರು ಸ್ಟಾರೋ, ಐದು ಸ್ಟಾರೋ?

ಐದು ಸ್ಟಾರಿನ ಚೀಟಿಯಲ್ಲಿ 750 ಯೂನಿಟ್ಟು ಇದೆ, ಬೆಲೆ 8,000 ರೂಪಾಯಿ ಹೆಚ್ಚು ಅಂತಿಟ್ಟುಕೊಳ್ಳಿ. ಮಾರ್ಚಿನಿಂದ ಮೇವರೆಗೆ 90 ರಾತ್ರಿ, 8 ಗಂಟೆಯಂತೆ 24 ಡಿಗ್ರಿಯಲ್ಲಿ ಹಾಕುವ ಮನೆಗೆ ವರ್ಷಕ್ಕೆ ಸುಮಾರು 130 ಯೂನಿಟ್ಟು ಉಳಿಯುತ್ತದೆ. 8.75ರಂತೆ 1,140 ರೂಪಾಯಿ ಆಸುಪಾಸು. ಹೆಚ್ಚು ಕೊಟ್ಟ ದುಡ್ಡು ತಿರುಗಿ ಬರಲು ಏಳು ವರ್ಷ. ಅದೇ ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ಏಸಿ ಓಡಿಸುವ ಬಟ್ಟೆ ಅಂಗಡಿಗೆ ಸುಮಾರು 550 ಯೂನಿಟ್ಟು ಉಳಿತಾಯ. ಮನೆಯ ದರ ಹಿಡಿದರೂ ಎರಡು ವರ್ಷದೊಳಗೆ ದುಡ್ಡು ವಾಪಸು. ಅಂಗಡಿ ಮೀಟರಿನ ದರ ಸಾಮಾನ್ಯವಾಗಿ ಇನ್ನೂ ಹೆಚ್ಚು. ಆದ್ದರಿಂದ ವ್ಯಾಪಾರಿಗೆ ಐದು ಸ್ಟಾರು, ಬೇಸಿಗೆಗಷ್ಟೇ ಹಾಕುವ ರೈತನಿಗೆ ಮೂರು ಸ್ಟಾರು ಸಾಕು ಎನ್ನಬಹುದು.

ನಮ್ಮದು ಒಣ ಸೀಮೆ ಎಂಬುದನ್ನೂ ಮರೆಯಬಾರದು. ಕರಾವಳಿಯ ತೇವದ ಗಾಳಿಯಲ್ಲಿ ನೀರಿನ ಕೂಲರು ಕೆಲಸ ಮಾಡುವುದಿಲ್ಲ, ನಮ್ಮ ಒಣಗಾಳಿಯಲ್ಲಿ ಮಳೆ ಬೀಳುವ ತನಕ ಚೆನ್ನಾಗಿ ಮಾಡುತ್ತದೆ. 180 ವ್ಯಾಟಿನ ಕೂಲರು ರಾತ್ರಿ 8 ಗಂಟೆ ಓಡಿದರೂ ತಿಂಗಳಿಗೆ 45 ಯೂನಿಟ್ಟು ದಾಟದು. ಮೇಲೆ ಹೇಳಿದ 200 ಯೂನಿಟ್ಟಿನ ಮನೆಗೆ 325 ರೂಪಾಯಿ. ಕಿಟಕಿ ಸ್ವಲ್ಪ ತೆರೆದಿರಬೇಕು, ದಿನಾ ನೀರು ತುಂಬಬೇಕು, ಅಷ್ಟು ಕಷ್ಟ ಇದೆ. ಬೋರು ಬತ್ತಿದ ಊರಿನಲ್ಲಿ ಆ ನೀರಿಗೂ ಲೆಕ್ಕ ಬೇಕು.

ಬಿಲ್ಲು ಇಳಿಸುವ ದಾರಿ

ಏಸಿ ಇದ್ದವರು 27ಕ್ಕೆ ಇಟ್ಟು ಫ್ಯಾನನ್ನು ನಿಧಾನವಾಗಿ ತಿರುಗಿಸಲಿ. ಫ್ಯಾನು ತಿನ್ನುವುದು 75 ವ್ಯಾಟಿನ ಒಳಗೆ. ಜಾಲರಿಯನ್ನು ಹದಿನೈದು ದಿನಕ್ಕೊಮ್ಮೆ ತೊಳೆಯಿರಿ. ನಮ್ಮ ಕಡೆಯ ಧೂಳಿಗೆ ಅದು ಬೇಗ ಮುಚ್ಚಿಕೊಳ್ಳುತ್ತದೆ. ಬಾಗಿಲ ಸಂದಿಗೆ ಬಟ್ಟೆ, ಪಡುವಣ ಕಿಟಕಿಗೆ ದಪ್ಪ ಪರದೆ, ಚಾವಣಿಯ ಮೇಲೆ ಬಿಳಿ ಸುಣ್ಣ. ಹೊರಗಿನ ಪೆಟ್ಟಿಗೆಗೆ ನೆರಳಿರಲಿ, ಆದರೆ ಗಾಳಿ ಆಡುವುದಕ್ಕೆ ಅಡ್ಡ ಬೇಡ.

ಕೊನೆಗೆ, ಚೀಟಿಯನ್ನೂ ನಂಬಬೇಡಿ, ಈ ಲೇಖನವನ್ನೂ ನಂಬಬೇಡಿ, ಮೀಟರನ್ನು ನಂಬಿ. ಏಸಿ ಹಾಕದ ಒಂದು ರಾತ್ರಿ ಮಲಗುವಾಗ ಮತ್ತು ಏಳುವಾಗ ಮೀಟರಿನ ಅಂಕಿ ಬರೆದಿಡಿ. ಮೀಟರಿನಲ್ಲಿ ಅಂಕಿಗಳು ಬದಲಾಗುತ್ತಾ ಬರುತ್ತವೆ, ಕೆ.ಡಬ್ಲ್ಯು.ಎಚ್. ಎಂದು ಬಂದಾಗಿನದ್ದೇ ಬೇಕು. ಏಸಿ ಹಾಕಿದ ರಾತ್ರಿಯೂ ಹಾಗೇ ಬರೆಯಿರಿ. ಎರಡರ ವ್ಯತ್ಯಾಸವೇ ನಿಮ್ಮ ಏಸಿ ಒಂದು ರಾತ್ರಿಗೆ ತಿನ್ನುವ ಯೂನಿಟ್ಟು. 30ರಿಂದ ಗುಣಿಸಿ, ಹಳೆಯ ಬಿಲ್ಲಿನ ಯೂನಿಟ್ಟಿನ ಮೇಲೆ ಕೂಡಿಸಿ, ದರಪಟ್ಟಿಯ ಮೆಟ್ಟಿಲು ಹತ್ತಿಸಿ ನೋಡಿ. ಬಂದ ಮೊತ್ತದ ಪಕ್ಕದಲ್ಲಿ ಬೀಜ ಗೊಬ್ಬರದ ಖರ್ಚನ್ನೂ ಬರೆದುಕೊಳ್ಳಿ. ಎರಡಕ್ಕೂ ದುಡ್ಡು ಸಾಲುತ್ತದೆ ಅನ್ನಿಸಿದರೆ ಏಸಿ ಹಾಕಿಕೊಂಡು ನೆಮ್ಮದಿಯಾಗಿ ಮಲಗಿ.