ಗಿಟಾರಿನ ವಯಸ್ಸು, ಗಿಟಾರಿನ ಬೆಲೆ

ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಒಂದು ಗಿಟಾರ್ ಇದೆ. ಅದರ ಬೆನ್ನು ಮತ್ತು ಪಕ್ಕೆಗಳು ಮರದವಲ್ಲ, ರಟ್ಟಿನವು. 1862ರಲ್ಲಿ ಅದನ್ನು ಮಾಡಿದವರು ಆಂಟೋನಿಯೊ ದೆ ತೋರ್ರೆಸ್, ದಕ್ಷಿಣ ಸ್ಪೇನಿನ ಅಲ್ಮೆರಿಯಾ ಸೀಮೆಯ ಬಡಗಿ. ಇವತ್ತಿನ ಕ್ಲಾಸಿಕಲ್ ಮತ್ತು ಫ್ಲಮೆಂಕೊ ಗಿಟಾರುಗಳ ಅಳತೆ, ಆಕಾರ, ಒಳಗೆ ಬೀಸಣಿಗೆಯಂತೆ ಹರಡಿಕೊಂಡ ಮರದ ಪಟ್ಟಿಗಳ ಜೋಡಣೆ ಬಹುಪಾಲು ಅವರು ನೆಲೆಗೊಳಿಸಿದ ಮಾದರಿಯನ್ನೇ ಅನುಸರಿಸುತ್ತವೆ. ನಾದ ಹುಟ್ಟುವುದು ಮೇಲ್ಹಲಗೆಯಲ್ಲಿ, ಉಳಿದದ್ದೆಲ್ಲ ಅದಕ್ಕೆ ಆಸರೆ ಎಂದು ತೋರಿಸಿಕೊಡುವುದಕ್ಕೇ ಅವರು ರಟ್ಟನ್ನು ಕೈಗೆತ್ತಿಕೊಂಡರು. ಆ ಮೇಲ್ಹಲಗೆಯಾದರೂ ಎಷ್ಟು ದಪ್ಪ? ಎರಡರಿಂದ ಎರಡೂವರೆ ಮಿಲಿಮೀಟರ್. ಹಗುರವಾದ ಸ್ಪ್ರೂಸ್ ಅಥವಾ ಸೀಡರ್ ಮರದ ತೆಳು ಹಾಳೆ ಅದು. ಆರು ನೈಲಾನ್ ತಂತಿಗಳು ಕೂಡಿ ಅದರ ಮೇಲಿನ ಕುದುರೆಯನ್ನು ಸುಮಾರು ನಲವತ್ತು ಕಿಲೋ ಭಾರದಷ್ಟು ಬಲದಿಂದ ಹಗಲೂ ರಾತ್ರಿ ಎಳೆಯುತ್ತಿರುತ್ತವೆ. ಇಂಥ ವಾದ್ಯ ವರ್ಷ ಕಳೆದಂತೆ ಬೆಲೆ ಬಾಳುತ್ತದೆಯೇ ಎಂದು ಕೇಳುವವರು ಮೊದಲು ಆ ಎರಡು ಮಿಲಿಮೀಟರಿನ ಕಡೆಗೆ ನೋಡಬೇಕು. ಹಾಗೆ ನೋಡಿದರೆ ಸಿಗುವ ಉತ್ತರ ಇಷ್ಟು: ವಯಸ್ಸು ಗಿಟಾರಿಗೆ ಕೊಡುವುದಕ್ಕಿಂತ ಅದರಿಂದ ಕಿತ್ತುಕೊಳ್ಳುವುದೇ ಹೆಚ್ಚು. ಕೆಲವು ಗಿಟಾರುಗಳ ಬೆಲೆ ಏರಿದ್ದು ನಿಜ. ಆದರೆ ಆ ಏರಿಕೆಗೆ ಕಾರಣವನ್ನು ಬೇರೆ ಕಡೆ ಹುಡುಕಬೇಕು.

ಹಳೆಯದಾದಷ್ಟೂ ಮರ ಚೆನ್ನಾಗಿ ನುಡಿಯುತ್ತದೆ ಎಂಬ ನಂಬಿಕೆ ಬರೀ ಕಟ್ಟುಕತೆಯಲ್ಲ. ಮರದ ಜೀವಕೋಶದ ಗೋಡೆಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಇವುಗಳಲ್ಲಿ ನೀರನ್ನು ಹೆಚ್ಚು ಹೀರುವ ಹೆಮಿಸೆಲ್ಯುಲೋಸ್ ದಶಕಗಳು, ಶತಮಾನಗಳು ಉರುಳಿದಂತೆ ನಿಧಾನವಾಗಿ ಒಡೆದುಹೋಗುತ್ತದೆ. ತೈವಾನಿನ ರಸಾಯನವಿಜ್ಞಾನಿಗಳು ಮುನ್ನೂರು ವರ್ಷದ ಹಿಂದಿನ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯ ವಾದ್ಯಗಳಿಂದ ದೊರೆತ ಮೇಪಲ್ ಮರದ ಚೂರುಗಳನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಆ ಮರ ಹೊಸ ಮರಕ್ಕಿಂತ ಕಡಿಮೆ ತೇವ ಹಿಡಿಯುತ್ತಿತ್ತು. ತೇವ ಕಡಿಮೆಯಾದರೆ ಹಲಗೆ ಹಗುರಾಗುತ್ತದೆ, ಕಂಪನವನ್ನು ತನ್ನೊಳಗೇ ನುಂಗಿಕೊಳ್ಳುವುದು ತಗ್ಗುತ್ತದೆ. ಆದರೆ ಇದು ಮುನ್ನೂರು ವರ್ಷದ ಮರದ ಮಾತು. ಇಪ್ಪತ್ತು ಮೂವತ್ತು ವರ್ಷದಲ್ಲಿ ಆಗುವ ಬದಲಾವಣೆ ಇದರ ಸಣ್ಣ ಪಾಲು. ನುಡಿಸಿ ನುಡಿಸಿ ವಾದ್ಯ ಪಳಗುತ್ತದೆ ಎಂಬ ಇನ್ನೊಂದು ಮಾತಿದೆ. ಇದನ್ನು ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪಿಟೀಲಿನ ಮೇಲೆ ಒರೆಗೆ ಹಚ್ಚಿದರು. ಒಬ್ಬರೇ ತಯಾರಕರು ಒಂದೇ ಬಗೆಯ ಮರದಿಂದ ಮಾಡಿದ ಎರಡು ಪಿಟೀಲುಗಳಲ್ಲಿ ಒಂದನ್ನು ವಸ್ತುಸಂಗ್ರಹಾಲಯದಲ್ಲಿಟ್ಟರು, ಇನ್ನೊಂದನ್ನು ವೃತ್ತಿಪರ ವಾದಕರ ಕೈಗೆ ಕೊಟ್ಟರು. ಮೂರು ವರ್ಷದ ನಂತರವೂ ನುಡಿಸಿದವರಿಗಾಗಲಿ ಕೇಳಿದವರಿಗಾಗಲಿ ಎರಡರ ನಡುವೆ ಗುರುತಿಸುವಂಥ ವ್ಯತ್ಯಾಸ ಸಿಗಲಿಲ್ಲ. ಹೊಸ ಗಿಟಾರ್ ಮೊದಲ ಕೆಲವು ವಾರಗಳಲ್ಲಿ ಬಾಯಿಬಿಡುತ್ತದೆ ಎಂದು ವಾದಕರು ಹೇಳುವ ಅನುಭವವನ್ನು ತಳ್ಳಿಹಾಕಬೇಕಿಲ್ಲ. ಅದರಲ್ಲಿ ವಾದ್ಯ ಹೊಂದಿಕೊಂಡದ್ದೆಷ್ಟು, ಬೆರಳುಗಳು ಹೊಂದಿಕೊಂಡದ್ದೆಷ್ಟು ಎಂದು ಬಿಡಿಸುವುದು ಕಷ್ಟ.

ಹಾಗಾದರೆ ಮುನ್ನೂರು ವರ್ಷದ ಪಿಟೀಲುಗಳಿಗೆ ಕೋಟಿಗಟ್ಟಲೆ ಬೆಲೆ ಏಕೆ ಎಂದು ಯಾರಾದರೂ ಕೇಳಬಹುದು. ಅಲ್ಲಿ ಕೂಡ ಬೆಲೆ ಮತ್ತು ನಾದ ಜೊತೆಯಾಗಿ ನಡೆದಿಲ್ಲ. ಪ್ಯಾರಿಸ್ ಬಳಿ 2012ರಲ್ಲಿ ನಡೆದ ಪರೀಕ್ಷೆಯಲ್ಲಿ ಹತ್ತು ಮಂದಿ ಹೆಸರಾಂತ ಪಿಟೀಲುವಾದಕರು ವಾದ್ಯ ಯಾವುದೆಂದು ಕಾಣದಂತೆ ಹನ್ನೆರಡು ಪಿಟೀಲುಗಳನ್ನು ನುಡಿಸಿ ನೋಡಿದರು. ಆರು ಹಳೆಯವು, ಆರು ಹೊಸವು. ಹತ್ತರಲ್ಲಿ ಆರು ಮಂದಿ ತಮಗೆ ಬೇಕೆಂದು ಆರಿಸಿಕೊಂಡದ್ದು ಹೊಸದನ್ನು. ಯಾವುದು ಹಳೆಯದು, ಯಾವುದು ಹೊಸದು ಎಂದು ಹೇಳುವುದರಲ್ಲೂ ಅವರ ಊಹೆ ನಿಲ್ಲಲಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಪಿಟೀಲು ಬೇರೆ ಜಾತಿಯ ಕಟ್ಟಡ. ಅದರ ಮೇಲ್ಹಲಗೆ ಕಮಾನಿನಂತೆ ಉಬ್ಬಿದೆ, ಕಮಾನು ಭಾರವನ್ನು ಚೆನ್ನಾಗಿ ಹೊರುತ್ತದೆ. ಬೇಕೆಂದಾಗ ಹಲಗೆಯನ್ನು ಬಿಡಿಸಿ, ಒಳಗೆ ದುರಸ್ತಿ ಮಾಡಿ, ಮತ್ತೆ ಅಂಟಿಸಬಹುದು. ಕತ್ತನ್ನೇ ಬದಲಿಸಬಹುದು, ಹಳೆಯ ಪಿಟೀಲುಗಳಲ್ಲಿ ಹೆಚ್ಚಿನವಕ್ಕೆ ಬದಲಿಸಿಯೂ ಇದ್ದಾರೆ. ಗಿಟಾರಿನ ಹಲಗೆ ಹೆಚ್ಚುಕಡಿಮೆ ಚಪ್ಪಟೆ. ಸ್ಪೇನಿನ ಪದ್ಧತಿಯಲ್ಲಿ ಕತ್ತಿನ ಬುಡಕ್ಕೇ ಸೀಳು ಕೊಟ್ಟು ಅದರೊಳಗೆ ಪಕ್ಕೆಗಳನ್ನು ಕೂರಿಸುತ್ತಾರೆ, ಕತ್ತೂ ಮೈಯೂ ಒಂದೇ ಆಗಿಬಿಡುತ್ತವೆ. ಕತ್ತು ಒಂದು ಕೂದಲೆಳೆಯಷ್ಟು ಮುಂದಕ್ಕೆ ಬಾಗಿದರೂ ಅದನ್ನು ಬಿಡಿಸಿ ಸರಿಮಾಡುವುದು ದೊಡ್ಡ ಶಸ್ತ್ರಚಿಕಿತ್ಸೆ.

ಕಾಲದ ಕೆಲಸ ಆ ಹಲಗೆಯ ಮೇಲೆ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಹೆಚ್ಚು ಕಾಲ ಭಾರ ಹೊತ್ತ ಮರ, ಮುರಿಯದೆ, ಸದ್ದಿಲ್ಲದೆ ಬಾಗುತ್ತಾ ಹೋಗುತ್ತದೆ. ಪುಸ್ತಕದ ಭಾರಕ್ಕೆ ಜೋತುಬಿದ್ದ ಕಪಾಟಿನ ಹಲಗೆಯಲ್ಲಿ ಕಾಣುವುದೂ ಇದನ್ನೇ. ಗಿಟಾರಿನಲ್ಲಿ ತಂತಿಗಳ ಎಳೆತಕ್ಕೆ ಕುದುರೆ ಮುಂದಕ್ಕೆ ಮಗುಚುವ ಹಾಗೆ ತಿರುಗುತ್ತದೆ, ಅದರ ಹಿಂದೆ ಹಲಗೆ ಉಬ್ಬುತ್ತದೆ, ಮುಂದೆ ತಗ್ಗುತ್ತದೆ. ತಂತಿ ಮೆಟ್ಟಿಲುಗಳಿಂದ ಮೇಲೇಳುತ್ತದೆ, ಒತ್ತಲು ಬೆರಳಿಗೆ ಕಷ್ಟವಾಗುತ್ತದೆ. ತೇವ ಇನ್ನೊಂದು ಶತ್ರು. ಮರ ಒಣಗಿದಾಗ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಮೇಲ್ಹಲಗೆಯ ಒಳಗೆ ಅಡ್ಡಲಾಗಿ ಅಂಟಿಸಿದ ದಪ್ಪ ಪಟ್ಟಿಗಳು ತಮ್ಮ ಉದ್ದದಲ್ಲಿ ಅಲುಗುವುದಿಲ್ಲ, ಅವುಗಳಿಗೆ ಅಂಟಿದ ಹಲಗೆ ಮಾತ್ರ ಅಗಲದಲ್ಲಿ ಕಿರಿದಾಗಲು ಹವಣಿಸುತ್ತದೆ. ಜಾಗ ಸಿಗದೆ ಸೀಳುತ್ತದೆ. ಮಳೆಗಾಲದ ಮಂಗಳೂರಿನಲ್ಲಿ ತೇವ ಹೀರಿ ಉಬ್ಬಿದ ಗಿಟಾರನ್ನು ಹವಾನಿಯಂತ್ರಿತ ಕೋಣೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆಗುವುದೂ ಇದೇ.

ಆಂದ್ರೆಸ್ ಸೆಗೋವಿಯಾ ಅವರ ಎರಡು ಗಿಟಾರುಗಳು ಈ ವಾದಕ್ಕೆ ಒಳ್ಳೆಯ ಸಾಕ್ಷಿ. ಮ್ಯಾಡ್ರಿಡಿನ ಮಾನುಯೆಲ್ ರಾಮಿರೆಸ್ ಕಾರ್ಯಾಗಾರದಲ್ಲಿ 1912ರಲ್ಲಿ ತಯಾರಾದ ಗಿಟಾರನ್ನು ಅವರು 1937ರವರೆಗೆ ನುಡಿಸಿದರು. ಆ ವರ್ಷ ಜರ್ಮನಿಯ ಹರ್ಮನ್ ಹೌಸರ್ ಮಾಡಿದ ಹೊಸ ಗಿಟಾರ್ ಬಂತು, ಅದನ್ನು 1962ರವರೆಗೆ ನುಡಿಸಿದರು. ಆಮೇಲೆ ಫ್ಲೆಟಾ, ರಾಮಿರೆಸ್ ಮನೆತನಗಳ ಹೊಸ ವಾದ್ಯಗಳಿಗೆ ಹೋದರು. ಹಳೆಯವೆರಡೂ ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ಇಪ್ಪತ್ತನೇ ಶತಮಾನದ ಅತಿ ಪ್ರಸಿದ್ಧ ಗಿಟಾರುವಾದಕರು ಎರಡು ಬಾರಿ, ಸುಮಾರು ಇಪ್ಪತ್ತೈದು ವರ್ಷಕ್ಕೊಮ್ಮೆ, ಪಳಗಿದ ವಾದ್ಯವನ್ನು ಬಿಟ್ಟು ಹೊಸದನ್ನು ಹಿಡಿದರು. ಗಿಟಾರ್ ಹಣ್ಣಾದಷ್ಟೂ ಹೆಚ್ಚು ನುಡಿಯುವುದಾಗಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲ. ಇದಕ್ಕೆ ಆಕ್ಷೇಪವೂ ಇದೆ: ತೋರ್ರೆಸ್ 1856ರಲ್ಲಿ ಮಾಡಿದ 'ಲಾ ಲಿಯೋನಾ'ವನ್ನು ನಮ್ಮ ಕಾಲದಲ್ಲೂ ನುಡಿಸಿ ಧ್ವನಿಮುದ್ರಿಸಿದ್ದಾರೆ, ಕೇಳುವವರು ಮಾರುಹೋಗಿದ್ದಾರೆ. ನಿಜ. ಆದರೆ ತೋರ್ರೆಸ್ ಮಾಡಿದ್ದು ಮುನ್ನೂರಕ್ಕೂ ಹೆಚ್ಚು ಎಂದು ಅಂದಾಜು. ಇಂದು ಗೊತ್ತಿರುವುದು ನೂರರ ಆಸುಪಾಸು. ಉಳಿದವು ಒಡೆದವು, ಸೀಳಿದವು, ಒಲೆಗೆ ಹೋದವು. ಉಳಿದುಕೊಂಡ ವಾದ್ಯವನ್ನು ಕೇಳಿ 'ಹಳೆಯದು ಒಳ್ಳೆಯದು' ಎನ್ನುವಾಗ, ಒಳ್ಳೆಯದಾಗಿದ್ದಕ್ಕೇ ಅದನ್ನು ಜೋಪಾನ ಮಾಡಿದರು ಎಂಬುದನ್ನು ಮರೆಯುತ್ತೇವೆ.

ಫ್ಲಮೆಂಕೊ ಗಿಟಾರಿನ ಮಟ್ಟಿಗೆ ಈ ಮಾತು ಇನ್ನೂ ಕಟುವಾಗಿ ನಿಲ್ಲುತ್ತದೆ. ಅದನ್ನು ಬೇಕೆಂದೇ ಹಗುರವಾಗಿ ಕಟ್ಟುತ್ತಾರೆ. ಬೆನ್ನಿಗೂ ಪಕ್ಕೆಗೂ ಸ್ಪೇನಿನಲ್ಲೇ ಬೆಳೆಯುವ ಬಿಳಿಹಳದಿ ಸೈಪ್ರೆಸ್, ಅದಕ್ಕೇ 'ಬ್ಲಾಂಕಾ' ಎಂಬ ಹೆಸರು. ಆಮದಾದ ಬೀಟೆಜಾತಿಯ ಮರಕ್ಕೆ ಹೋಲಿಸಿದರೆ ಸೈಪ್ರೆಸ್ ಬಡವರ ಮರವಾಗಿತ್ತು. ನರ್ತಕಿಯ ಹೆಜ್ಜೆ, ಗಾಯಕರ ಕೂಗಿನ ನಡುವೆ ಕೇಳಬೇಕಾದ ನಾದ ತಟ್ಟನೆ ಎದ್ದು ತಟ್ಟನೆ ಅಡಗಬೇಕು, ಉದ್ದಕ್ಕೆ ಎಳೆಯಬಾರದು. ವಾದಕರು ನುಡಿಸುತ್ತಲೇ ಉಂಗುರ ಬೆರಳಿನಿಂದ ಹಲಗೆಯ ಮೇಲೆ ಗುದ್ದುತ್ತಾರೆ. ಆ ಗುದ್ದಿಗೆ 'ಗೋಲ್ಪೆ' ಎನ್ನುತ್ತಾರೆ. ಹಲಗೆ ಸವೆಯದಿರಲೆಂದು ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೂ, ವರ್ಷಗಟ್ಟಲೆ ದುಡಿದ ಬ್ಲಾಂಕಾದಲ್ಲಿ ಹಾಳೆಯ ಅಂಚಿನಾಚೆ ಉಗುರು ತೋಡಿದ ಗೆರೆಗಳು, ಬಣ್ಣ ಹೋದ ಮರ, ಬೆವರಿಗೆ ಕಪ್ಪಿಟ್ಟ ಪಕ್ಕೆ ಕಾಣುತ್ತವೆ. ಇಷ್ಟು ದುಡಿಸಿಕೊಂಡ ವಾದ್ಯ ಹೊಸದರ ಬೆಲೆಗೆ ಮಾರಾಟವಾಗುವುದು ಅಪರೂಪ. ಬೆಲೆ ಏರಿದ ಬ್ಲಾಂಕಾಗಳೂ ಇವೆ: ಸಾಂತೋಸ್ ಹೆರ್ನಾಂದೆಸ್, ಮಾರ್ಸೆಲೊ ಬಾರ್ಬೆರೊ, ಕೊರ್ದೋಬಾದ ಮಾನುಯೆಲ್ ರೆಯೆಸ್ ಅವರ ಕೈಯವು. ಈ ಕೈಗಳು ಇನ್ನು ಗಿಟಾರ್ ಮಾಡುವುದಿಲ್ಲ. ಚಿತ್ರಕಾರ ತೀರಿಕೊಂಡ ಮೇಲೆ ಚಿತ್ರದ ಬೆಲೆ ಏರುವುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ. ಸೈಪ್ರೆಸ್ ಹಳತಾದದ್ದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಏರಿಕೆಯ ಲೆಕ್ಕವನ್ನೂ ಎಚ್ಚರದಿಂದ ಮಾಡಬೇಕು. ನಲವತ್ತು ವರ್ಷದ ಹಿಂದೆ ಕೊಂಡ ಗಿಟಾರ್ ಇಂದು ಹತ್ತು ಪಟ್ಟು ಬೆಲೆಗೆ ಹೋಯಿತೆಂದರೆ ದೊಡ್ಡ ಲಾಭದಂತೆ ಕಾಣುತ್ತದೆ. ಅದೇ ಹಣವನ್ನು ಶೇಕಡಾ 6ರ ಚಕ್ರಬಡ್ಡಿಗೆ ಇಟ್ಟಿದ್ದರೂ ಅಷ್ಟೇ ಆಗುತ್ತಿತ್ತು, ಮೆಟ್ಟಿಲು ಬದಲಿಸುವ, ಸೀಳು ಕೂಡಿಸುವ ಖರ್ಚಿಲ್ಲದೆ. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗುವ ಕಲಿಕೆಯ ಗಿಟಾರುಗಳಂತೂ ಈ ಲೆಕ್ಕದ ಹತ್ತಿರಕ್ಕೂ ಬರುವುದಿಲ್ಲ.

ಇಲ್ಲಿ ನಮ್ಮ ಕಾಡಿನ ಮರವೊಂದು ಕತೆಯೊಳಗೆ ಬರುತ್ತದೆ. ಕ್ಲಾಸಿಕಲ್ ಗಿಟಾರಿನ ಬೆನ್ನಿಗೆ ಬಹುಕಾಲ ಹೆಸರಾಗಿದ್ದದ್ದು ಬ್ರೆಜಿಲಿನ ರೋಸ್‌ವುಡ್. ಅದು ಸಿಗುವುದು ಕಷ್ಟವಾದಾಗ ತಯಾರಕರು ಅದೇ ಕುಲದ ಭಾರತೀಯ ರೋಸ್‌ವುಡ್ಡಿಗೆ, ಅಂದರೆ ಕೊಡಗು, ಮಲೆನಾಡಿನಲ್ಲೂ ಬೆಳೆಯುವ ನಮ್ಮ ಬೀಟೆಗೆ ಹೊರಳಿದರು. 1992ರಲ್ಲಿ ಬ್ರೆಜಿಲಿನ ಮರ ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿತು, ಅದರ ಗಿಟಾರುಗಳ ಬೆಲೆ ಮೇಲಕ್ಕೆ ಹೋಯಿತು. ಆದರೆ ಕಿವಿಗೆ ಆ ಮರ ಬೇಕೇ? ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು, ಉಕ್ಕಿನ ತಂತಿಯ ಗಿಟಾರುಗಳ ಮೇಲೆ, ಬೆನ್ನಿನ ಮರ ಮಾತ್ರ ಬೇರೆಯಾಗಿರುವಂತೆ ಆರು ವಾದ್ಯಗಳನ್ನು ಮಾಡಿಸಿ, ಕಣ್ಣಿಗೆ ಕಾಣದಂತೆ 52 ವಾದಕರ ಕೈಗೆ ಕೊಟ್ಟು 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಗ್ಗದ ಮರಕ್ಕೂ ಬ್ರೆಜಿಲಿನದಕ್ಕೂ ವಾದಕರು ಕೊಟ್ಟ ಅಂಕಗಳು ಹೆಚ್ಚುಕಡಿಮೆ ಒಂದೇ. ತೋರ್ರೆಸ್ ರಟ್ಟಿನಿಂದ ಹೇಳಿದ್ದು ನೂರೈವತ್ತು ವರ್ಷದ ಮೇಲೆ ಅಂಕಿಗಳಲ್ಲಿ ಬಂತು. ಇನ್ನೊಂದು ತೊಡಕೂ ಇದೆ: ಬೆಲೆ ಏರಿಸಿದ ಅದೇ ಕಾನೂನು ಆ ಗಿಟಾರನ್ನು ಗಡಿ ದಾಟಿಸಿ ಮಾರಲು ಪರವಾನಗಿ ಕೇಳುತ್ತದೆ. ಬೀಟೆಯೂ 2017ರಿಂದ ಎರಡನೇ ಅನುಬಂಧದಲ್ಲಿದೆ, ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಆದ್ದರಿಂದ ಹಳೆಯ ಗಿಟಾರನ್ನು ಕೊಳ್ಳುವವರು ಒಳಗಿನ ಚೀಟಿಯಲ್ಲಿ ಇಸವಿ ಓದುವ ಮೊದಲು ಒಂದು ನೇರ ಅಳತೆಪಟ್ಟಿಯನ್ನು ಕುದುರೆಯ ಹಿಂದೆ ಹಲಗೆಗೆ ಅಡ್ಡಲಾಗಿ ನಿಲ್ಲಿಸಿ, ಎದುರಿನಿಂದ ಬೆಳಕು ಬಿಟ್ಟು ನೋಡಬೇಕು. ತುಸು ಉಬ್ಬಿದ್ದರೆ ಚಿಂತೆಯಿಲ್ಲ, ಅನೇಕ ತಯಾರಕರು ಹಲಗೆಗೆ ಮೊದಲೇ ಅಷ್ಟು ಉಬ್ಬು ಕೊಟ್ಟಿರುತ್ತಾರೆ. ಅಳತೆಪಟ್ಟಿ ನಡುವಿನ ಗುಡ್ಡದ ಮೇಲೆ ಕೂತು ಎರಡೂ ತುದಿಗಳ ಕೆಳಗೆ ಬೆಳಕು ಅಗಲವಾಗಿ ಹರಿದರೆ, ಕುದುರೆಯ ಹಿಂಬದಿಯ ಅಂಟಿನ ಗೆರೆ ಬಾಯಿಬಿಟ್ಟಿದ್ದರೆ, ಹನ್ನೆರಡನೇ ಮೆಟ್ಟಿಲ ಮೇಲೆ ತಂತಿ ಎತ್ತರವಾಗಿದ್ದೂ ಕುದುರೆಯ ಮೇಲಿನ ಎಲುಬಿನ ಪಟ್ಟಿಯಲ್ಲಿ ಇನ್ನು ತೇಯಲು ಜಾಗ ಉಳಿಯದಿದ್ದರೆ, ಆ ವಾದ್ಯಕ್ಕೆ ಹೇಳುವ ಬೆಲೆಯಿಂದ ದುರಸ್ತಿಯ ಖರ್ಚನ್ನು ಕಳೆದೇ ಮಾತು ಮುಂದುವರಿಸಬೇಕು.