ಚೀಜಿನ ವಿಚಾರ ಕೇಳಿದ್ದೀರಾ?

ನಮ್ಮ ಲಗ್ನಕ್ಕೆ 40 ವರ್ಷ ತುಂಬಿತೆಂದು, ಪುಣೆಯಲ್ಲಿರುವ ಮಗ-ಸೊಸೆ ಸೊಲ್ಲಾಪುರದಿಂದ ನಮ್ಮಿಬ್ಬರನ್ನು ಕರೆಸಿ ಅಲ್ಲಿಯ ಒಂದು ದೊಡ್ಡ ಇಟಾಲಿಯನ್ ಹೋಟೆಲಿಗೆ ಕರೆದೊಯ್ದರು. ರಾತ್ರಿ ಊಟ ನಮಗಿಲ್ಲ, ಮಧ್ಯಾಹ್ನವೇ ಹೋದೆವು. ಮೆನುವಿನಲ್ಲಿ 'ಜೈನ್' ಎಂದಿದ್ದುದನ್ನು ಕಂಡು ನಮ್ಮ ಮನೆಯವರಿಗೆ ಸಮಾಧಾನವಾಯಿತು. ನಾನು ಕಿರಾಣಿ ವ್ಯಾಪಾರಿ, ವಿಚಾರಿಸದೆ ಮಾಲು ಕೊಳ್ಳುವವನಲ್ಲ. ಅಡುಗೆಯವರನ್ನೇ ಕರೆಸಿದೆ.

"ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ ಯಾವುದೂ ಇಲ್ಲ" ಎಂದರು.

"ಚೀಜ್ ಎಲ್ಲಿಯದು?"

"ಇಟಲಿಯದೇ, ಪಾರ್ಮಿಜಾನೊ ರೆಜಾನೊ" ಎಂದರು ಅಭಿಮಾನದಿಂದ.

ಆ ಚೀಜಿನ ಒಂದು ಗಾಲಿಗೆ ಸುಮಾರು 550 ಲೀಟರ್ ಹಾಲು ಬೇಕು. ಕನಿಷ್ಠ 12 ತಿಂಗಳು ಮಾಗಬೇಕು. (ಅಷ್ಟು ದಿನ ಬಂಡವಾಳ ಕಟ್ಟಿಡುವ ಎದೆ ನನಗಂತೂ ಇಲ್ಲ!) ಆದರೆ ಹಾಲನ್ನು ಗಟ್ಟಿ ಮಾಡಲು ಹಾಕುವ ರೆನೆಟ್ ಎಳಗರುವಿನ ಜಠರದ್ದು. ಅಲ್ಲಿಯ ನಿಯಮವೇ ಹಾಗೆ. ಹಸಿರು ಚುಕ್ಕೆಯ ನಮ್ಮ ದೇಶದ ಚೀಜಿಗೆ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳಿಂದ ತಯಾರಾದ ರೆನೆಟ್ ಹಾಕುತ್ತಾರೆ. ಅದು ನಮಗೆ ಸಲ್ಲುತ್ತದೆಯೇ ಎಂಬುದನ್ನು ಮುನಿಮಹಾರಾಜರಲ್ಲಿ ಕೇಳಬೇಕು.

ಮಗನ ಮೋರೆ ಇಳಿಯಿತು. ಮೂರು ವರ್ಷದಿಂದ ಇಲ್ಲಿಗೆ ಬಂದು, 'ಜೈನ್' ಎಂಬ ಅಕ್ಷರ ನಂಬಿ ಉಂಡವನು ಅವನು.

ಆ ಅಡುಗೆಯವರು ಸಿಟ್ಟಾಗಲಿಲ್ಲ. ಬರೀ ಗಟ್ಟಿಗೋಧಿ ರವೆ, ನೀರಿನಿಂದ ಮಾಡಿದ ಒಣ ಪಾಸ್ತಾ ತಂದು ತೋರಿಸಿದರು. ಹಸಿ ಪಾಸ್ತಾಕ್ಕೆ ಮೊಟ್ಟೆ ಬೀಳುವುದುಂಟು, ಅದು ಬೇಡವೆಂದೆವು. ಟೊಮೇಟೊ, ಡಬ್ಬು ಮೆಣಸಿನಕಾಯಿ, ಆಲಿವ್ ಎಣ್ಣೆ ಹಾಕಿ ಬೇರೆ ಪಾತ್ರೆಯಲ್ಲಿ ಮಾಡಿಕೊಟ್ಟರು. ರುಚಿಯಾಗಿತ್ತು. "ನಮ್ಮ ಶಾವಿಗೆಯೇ, ತುಸು ದಪ್ಪ" ಎಂದರು ಮನೆಯವರು.

ಸಿಹಿಗೆ ತಿರಮಿಸು ಎಂದರು, ಅದರಲ್ಲೂ ಮೊಟ್ಟೆ. ಬಿಲ್ಲು ಕೊಟ್ಟು ಎದ್ದೆವು. ಹೊತ್ತು ಮುಳುಗುವ ಮೊದಲೇ ಸೊಸೆ ಶಾವಿಗೆ ಪಾಯಸ ಮಾಡಿದಳು. ಮಗ ಮಾತಿಲ್ಲದೆ ಎರಡು ಬಟ್ಟಲು ಉಂಡ.